ಟಂಕಸಾಲೆಯ ತಪ್ಪೋ, ಆಮೇಲಿನ ಪೆಟ್ಟೋ?

ಅಚ್ಚಿನ ದೋಷ ನಾಣ್ಯ ಟಂಕಸಾಲೆಯಲ್ಲಿ ಹುಟ್ಟುವಾಗಲೇ ಬಂದಿರುತ್ತದೆ. ಗೀರು, ನೆಗ್ಗು, ಕಿಲುಬು ಕೈಬದಲಾದ ಮೇಲಿನವು. ಇವನ್ನು ಬೇರ್ಪಡಿಸಲು ಲೋಹ ಎತ್ತ ಸರಿದಿದೆ ಎಂದು ನೋಡಬೇಕು. ಅಚ್ಚು ಬಿರುಕು ಬಿಟ್ಟಿದ್ದರೆ ಲೋಹ ಆ ಸೀಳಿಗೆ ನುಗ್ಗಿ ನಾಣ್ಯದ ಮೇಲೆ ಉಬ್ಬುಗೆರೆ ಮೂಡುತ್ತದೆ. ಗೀರು ಯಾವಾಗಲೂ ತಗ್ಗು.

ಅಂಚು ತುಂಡಾದ ನಾಣ್ಯದಲ್ಲಿ ಮೋಸಹೋಗುವುದು ಸುಲಭ. ತಗಡಿನಿಂದ ಬಿಲ್ಲೆ ಕತ್ತರಿಸುವಾಗಲೇ ತುಂಡು ಹೋಗಿದ್ದರೆ ಅದರ ನೇರ ಎದುರಿನ ಅಂಚೂ ಸಾಮಾನ್ಯವಾಗಿ ಮಸುಕಾಗಿರುತ್ತದೆ. ಅಂಚು ಎಬ್ಬಿಸುವ ಯಂತ್ರದಲ್ಲಿ ಅಲ್ಲಿಗೆ ಸಾಕಷ್ಟು ಒತ್ತಡ ಸಿಕ್ಕಿರುವುದಿಲ್ಲ. ಆಮೇಲೆ ಕತ್ತರಿಸಿದ್ದರಲ್ಲಿ ಎದುರಂಚು ಗಟ್ಟಿಯಾಗಿದ್ದು, ಕಡಿದಲ್ಲಿ ಅರದ ಗುರುತು ಕಾಣಬಹುದು.

ಎರಡು ಲೋಹದ 10 ರೂಪಾಯಿ ನಾಣ್ಯದ ನಡುಬಿಲ್ಲೆ ಓರೆಯಾಗಿದ್ದರೆ, ಅಚ್ಚಿನ ಗುರುತು ಬಿಲ್ಲೆ ಮತ್ತು ಬಳೆ ಎರಡರ ಮೇಲೂ ಒಂದೇ ಸಮ ಹರಿದಿದೆಯೇ ಎಂದು ಪರೀಕ್ಷಿಸಬೇಕು. ಕಿತ್ತು ಕೂರಿಸಿದ್ದರಲ್ಲಿ ಅದು ಸಂದಿನಲ್ಲಿ ತುಂಡಾಗುತ್ತದೆ. ವಿನ್ಯಾಸದ ವ್ಯತ್ಯಾಸವಂತೂ ದೋಷವೇ ಅಲ್ಲ: ಈ ನಾಣ್ಯದ ಅಲ್ಲಿಯವರೆಗಿನ 14 ವಿನ್ಯಾಸಗಳೂ ಚಲಾವಣೆಗೆ ಯೋಗ್ಯವೆಂದು ರಿಸರ್ವ್ ಬ್ಯಾಂಕ್ 2018ರಲ್ಲಿ ಸ್ಪಷ್ಟಪಡಿಸಿದೆ.

ವಿಜಯನಗರದ ವರಾಹ, ಟಿಪ್ಪು ಕಾಲದ ತಾಮ್ರದ ಕಾಸುಗಳನ್ನು ಈ ಅಳತೆಗೆ ಒಡ್ಡಬಾರದು. ಕೈಯಿಂದ ಬಡಿದ ಅವುಗಳಲ್ಲಿ ಚಿತ್ರ ಪಕ್ಕಕ್ಕೆ ಜರುಗಿರುವುದು, ಅಕ್ಷರ ಅರ್ಧವೇ ಬಿದ್ದಿರುವುದು ಸಹಜ.

ಕುಳಗಿ, ದಾಂಡೇಲಿ, ಜೋಯಿಡಾ ಕಡೆಯ ಮಳೆಗಾಲದ ತೇವಕ್ಕೆ ತಾಮ್ರ ಬೇಗ ಹಸಿರುಗಟ್ಟುತ್ತದೆ. ಹುಣಸೆಹಣ್ಣು ಹಚ್ಚಿ ಉಜ್ಜಿದರೆ ಕಿಲುಬಿನ ಜೊತೆ ಮೇಲ್ಮೈಯೂ ಸವೆದು, ದೋಷ ಗುರುತಿಸುವ ಸಾಕ್ಷ್ಯವೇ ಅಳಿಸಿಹೋಗುತ್ತದೆ. ಒಣಬಟ್ಟೆಯಲ್ಲಿ ತೇವ ಒತ್ತಿ ತೆಗೆದು, ಒಂದೊಂದನ್ನೂ ಬೇರೆ ಬೇರೆ ಕಾಗದದ ಲಕೋಟೆಯಲ್ಲಿ ಇಡುವುದು ಕ್ಷೇಮ.