ಮಕ್ಕಳಿಗೆ ಸರಳ ಬದುಕಿನ ಪಾಠ: ‘ವಾಲ್ಡನ್’ ಆಟವನ್ನು ತರಗತಿಯಲ್ಲಿ ಆಡಿಸುವುದು ಹೇಗೆ?

ವಿಡಿಯೊ ಗೇಮ್ ಅಂದರೆ ಸಾಕು, ನಮ್ಮ ಶಿಕ್ಷಕರಲ್ಲಿ ಅನೇಕರು ಹುಬ್ಬು ಗಂಟಿಕ್ಕುತ್ತಾರೆ. ‘ವಾಲ್ಡನ್, ಎ ಗೇಮ್’ ಅಂಥ ಆಟವಲ್ಲ. ಇಲ್ಲಿ ಗುಂಡು ಹಾರಿಸುವುದಿಲ್ಲ, ಯಾರನ್ನೂ ಸೋಲಿಸುವುದಿಲ್ಲ. ಅಮೆರಿಕದ ಲೇಖಕ ಹೆನ್ರಿ ಡೇವಿಡ್ ಥೋರೊ 1845ರ ಜುಲೈ 4ರಂದು ಮ್ಯಾಸಚೂಸೆಟ್ಸ್ ರಾಜ್ಯದ ಕಾನ್ಕಾರ್ಡ್ ಊರಾಚೆಯ ವಾಲ್ಡನ್ ಕೊಳದ ದಂಡೆಗೆ ಹೋಗಿ, ತಾವೇ ಕಟ್ಟಿದ ಪುಟ್ಟ ಮನೆಯಲ್ಲಿ ಎರಡು ವರ್ಷ ಎರಡು ತಿಂಗಳು ಬದುಕಿದರು. ಆ ಅನುಭವದ ಪುಸ್ತಕ ಬಂದದ್ದು 1854ರಲ್ಲಿ. ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಟ್ರೇಸಿ ಫುಲ್ಲರ್ಟನ್ ಮತ್ತು ಅವರ ತಂಡ ಹತ್ತು ವರ್ಷ ದುಡಿದು, ಆ ಬದುಕನ್ನೇ ಆಟವಾಗಿಸಿ 2017ರಲ್ಲಿ ಹೊರತಂದರು. ಆಡುವವರೇ ಇಲ್ಲಿ ಥೋರೊ.

ಸ್ವಾವಲಂಬನೆಯ ಬಗ್ಗೆ ಭಾಷಣ ಮಾಡಿದರೆ ಹೈಸ್ಕೂಲು ಮಕ್ಕಳು ಆಕಳಿಸುತ್ತಾರೆ. ಅದೇ ವಿಷಯವನ್ನು ಜಮಾ-ಖರ್ಚಿನ ಲೆಕ್ಕವಾಗಿ ಮುಂದಿಟ್ಟರೆ ನೆಟ್ಟಗೆ ಕೂರುತ್ತಾರೆ. ಈ ಪಾಠದ ಕೀಲಿ ಲೆಕ್ಕದ ಪುಸ್ತಕದಲ್ಲಿದೆ.

ಹಂತ 1: ಮೊದಲು ನೀವು ಆಡಿ

ಆಟ ಕಂಪ್ಯೂಟರಿನಲ್ಲಿ ನಡೆಯುತ್ತದೆ. ಪೂರ್ತಿ ಮುಗಿಸಲು ಸುಮಾರು ಆರು ಗಂಟೆ ಬೇಕು. ಮಕ್ಕಳ ಮುಂದೆ ಇಡುವ ಮೊದಲು ಒಂದು ಭಾನುವಾರ ಬಿಡುವು ಮಾಡಿಕೊಂಡು ಆಡಿ ನೋಡಿ. ಶಿಕ್ಷಕರಿಗೆಂದೇ ತಂಡದವರು ಪಾಠದ ಸಾಮಗ್ರಿಯನ್ನೂ ಸಿದ್ಧಪಡಿಸಿದ್ದಾರೆ, ಅದನ್ನೂ ಓದಿಕೊಳ್ಳಿ.

ಹಂತ 2: ಒಂದೇ ಕಂಪ್ಯೂಟರ್ ಸಾಕು

ಸ್ಮಾರ್ಟ್ ಕ್ಲಾಸ್ ಕೋಣೆಯ ಒಂದು ಕಂಪ್ಯೂಟರ್, ಒಂದು ಪ್ರೊಜೆಕ್ಟರ್ ಇದ್ದರೆ ಆಯಿತು. ಮಕ್ಕಳನ್ನು ನಾಲ್ಕು ನಾಲ್ಕು ಜನರ ಗುಂಪು ಮಾಡಿ, ಸರದಿಯಂತೆ ಆಡಿಸಿ. ಒಬ್ಬರ ಕೈಗೆ ಮೌಸ್, ಒಬ್ಬರ ಕೈಗೆ ಲೆಕ್ಕದ ಪುಸ್ತಕ, ಒಬ್ಬರು ಕಂಡ ಹಕ್ಕಿ-ಗಿಡ ಬರೆದುಕೊಳ್ಳಲಿ, ಇನ್ನೊಬ್ಬರು ಗಡಿಯಾರ ನೋಡಲಿ. ಆಟದ ಮಾತೆಲ್ಲ ಇಂಗ್ಲಿಷಿನಲ್ಲಿದೆ. ನೀವೇ ಗಟ್ಟಿಯಾಗಿ ಓದಿ, ಕನ್ನಡದಲ್ಲಿ ಬಿಡಿಸಿ ಹೇಳಿ.

ಹಂತ 3: ಬೋರ್ಡಿನ ಮೇಲೆ ಮನೆಯ ಲೆಕ್ಕ

ಆಟ ಶುರುಮಾಡುವ ಮೊದಲು ಥೋರೊ ಮನೆ ಕಟ್ಟಿದ ಲೆಕ್ಕವನ್ನು ಬೋರ್ಡಿನ ಮೇಲೆ ಬರೆಯಿರಿ. ಇದನ್ನು ಬಿಡಲೇಬೇಡಿ. ಮನೆಯ ಅಳತೆ 10 ಅಡಿಗೆ 15 ಅಡಿ. ಗಾಜು ಸಮೇತ ಎರಡು ಹಳೆಯ ಕಿಟಕಿಗೆ 2 ಡಾಲರ್ 43 ಸೆಂಟ್. ಒಂದು ಸಾವಿರ ಹಳೆಯ ಇಟ್ಟಿಗೆಗೆ 4 ಡಾಲರ್. ಮೊಳೆಗೆ 3 ಡಾಲರ್ 90 ಸೆಂಟ್. ಸೀಮೆಸುಣ್ಣಕ್ಕೆ 1 ಸೆಂಟ್, ಅದನ್ನೂ ಬಿಡದೆ ಬರೆದಿದ್ದಾರೆ. ಉಳಿದ ಖರ್ಚೂ ಸೇರಿ ಒಟ್ಟು 28 ಡಾಲರ್ ಹನ್ನೆರಡೂವರೆ ಸೆಂಟ್. ಆಗ ಅವರು ಓದಿದ್ದ ಕಾಲೇಜಿನಲ್ಲಿ ವಿದ್ಯಾರ್ಥಿಯೊಬ್ಬನ ಕೋಣೆಗೆ ವರ್ಷದ ಬಾಡಿಗೆಯೇ 30 ಡಾಲರ್ ಇತ್ತು! ಇಷ್ಟು ಬರೆದು ಸುಮ್ಮನಿರಿ. ಹಳೆಯ ಕಿಟಕಿಯನ್ನೇ ಯಾಕೆ ಕೊಂಡರು ಎಂದು ಮಕ್ಕಳೇ ಕೇಳಲಿ.

ಹಂತ 4: ಆಡಲು ಬಿಡಿ, ಹೇಳಿಕೊಡಬೇಡಿ

ಆಟದಲ್ಲಿ ನಾಲ್ಕು ಅಗತ್ಯಗಳಿವೆ: ಊಟ, ಸೌದೆ, ಬಟ್ಟೆ, ಮನೆ. ಮೀನು ಹಿಡಿಯಬೇಕು, ಕಾಡುಹಣ್ಣು ಆರಿಸಬೇಕು, ಬೀನ್ಸ್ ಬಿತ್ತಬೇಕು, ಹರಿದ ಬಟ್ಟೆ ಹೊಲಿದುಕೊಳ್ಳಬೇಕು, ಅರ್ಧಕ್ಕೆ ನಿಂತ ಮನೆ ಮುಗಿಸಬೇಕು. ಬೇಕಿದ್ದರೆ ಊರಿಗೆ ಹೋಗಿ ಅಂಗಡಿಯಲ್ಲಿ ಕೊಳ್ಳಬಹುದು. ಅದಕ್ಕೆ ಕಾಸು ಬೇಕು, ಕಾಸಿಗೆ ದುಡಿಯಬೇಕು.

ಲೆಕ್ಕದ ಪುಸ್ತಕದಲ್ಲಿ ನಾಲ್ಕು ಅಂಕಣ ಹಾಕಿಸಿ: ಮಾಡಿದ ಕೆಲಸ, ಹಿಡಿದ ಸಮಯ, ಸಿಕ್ಕಿದ್ದು, ಕಳೆದದ್ದು. ಮಕ್ಕಳು ತಪ್ಪು ಮಾಡುವಾಗ ತಡೆಯಬೇಡಿ. ಸೌದೆ ಮುಗಿದ ಮೇಲೆ ಒಡೆಯಲು ಓಡಿದರೆ ಓಡಲಿ.

ಹಂತ 5: ಬಣ್ಣ ಮಾಸುವ ಗಳಿಗೆ

ಈ ಆಟದ ಜೀವ ಇರುವುದು ಇಲ್ಲಿ. ಮಕ್ಕಳು ಹುರುಪಿನಿಂದ ಕೆಲಸದ ಮೇಲೆ ಕೆಲಸ ಮಾಡಿ ಕೂಡಿಹಾಕತೊಡಗುತ್ತಾರೆ. ಬೇರೆ ಆಟಗಳು ಅವರಿಗೆ ಕಲಿಸಿರುವುದೇ ಅದನ್ನು. ಆದರೆ ಇಲ್ಲಿ ಬರೀ ದುಡಿಯುತ್ತ ಹೋದರೆ ಥೋರೊನ ಒಳಗಿನ ಸ್ಫೂರ್ತಿ ಬತ್ತುತ್ತದೆ. ಕಾಡಿನ ಹಸಿರು ಮಂಕಾಗುತ್ತದೆ, ಲೋಕವೇ ಬಣ್ಣಗೆಡುತ್ತದೆ. ಆಗ ಆಟ ನಿಲ್ಲಿಸಿ ಒಂದೇ ಪ್ರಶ್ನೆ ಕೇಳಿ: ಪರದೆಯ ಮೇಲೆ ಏನು ಬದಲಾಯಿತು?

ಬಣ್ಣ ಮರಳಬೇಕಾದರೆ ಪ್ರಾಣಿಯೊಂದನ್ನು ನಿಂತು ನೋಡಬೇಕು, ಪುಸ್ತಕ ಓದಬೇಕು, ದೂರದ ಸದ್ದಿಗೆ ಕಿವಿಗೊಡಬೇಕು, ಒಂಟಿಯಾಗಿ ತುಸು ಹೊತ್ತು ಕಳೆಯಬೇಕು. ಹಾಗೆಂದು ಬರೀ ಅಡ್ಡಾಡಿದರೆ ಹಸಿವು, ಚಳಿ ಬಿಡುವುದಿಲ್ಲ. ದುಡಿಮೆ ಕೆಟ್ಟದ್ದು ಎಂದು ಈ ಆಟ ಹೇಳುವುದಿಲ್ಲ. ಎಷ್ಟು ದುಡಿದರೆ ಸಾಕು ಎಂದು ಕೇಳುತ್ತದೆ. ಉತ್ತರವನ್ನು ಪ್ರತಿ ಗುಂಪೂ ತನ್ನ ಲೆಕ್ಕದ ಪುಸ್ತಕ ನೋಡಿ ಹೇಳಲಿ.

ಹಂತ 6: ವಸ್ತುವಿನ ಬೆಲೆ ದುಡಿಮೆಯ ದಿನಗಳಲ್ಲಿ

ಥೋರೊ ಕೊಡುವ ಉದಾಹರಣೆ ಇದು. ಕಾನ್ಕಾರ್ಡಿನಿಂದ ಫಿಚ್‌ಬರ್ಗ್ ಊರು 30 ಮೈಲಿ. ರೈಲು ಚಾರ್ಜು 90 ಸೆಂಟ್, ಆಗಿನ ಹೆಚ್ಚುಕಡಿಮೆ ಒಂದು ದಿನದ ಕೂಲಿ. ನಡೆದು ಹೊರಟವನು ಕತ್ತಲಾಗುವ ಮೊದಲೇ ಅಲ್ಲಿರುತ್ತಾನೆ. ರೈಲಿನವನು ಆ ದಿನವೆಲ್ಲ ಟಿಕೆಟ್ಟಿನ ದುಡ್ಡಿಗೇ ದುಡಿಯುತ್ತಿರುತ್ತಾನೆ.

ನಿಮ್ಮೂರಿನ ದಿನಗೂಲಿ ಎಷ್ಟೆಂದು ಮಕ್ಕಳು ಮನೆಯಲ್ಲಿ ಕೇಳಿಕೊಂಡು ಬರಲಿ. ತಾವು ಆಸೆಪಟ್ಟ ಮೊಬೈಲ್‌ಗೆ, ಶೂಗೆ ಎಷ್ಟು ದಿನದ ಕೂಲಿ ಬೇಕೆಂದು ಭಾಗಿಸಿ ನೋಡಲಿ.

ಹಂತ 7: ಕಷ್ಟದ ಪ್ರಶ್ನೆಗಳನ್ನು ಮುಚ್ಚಿಡಬೇಡಿ

ಥೋರೊ ನಿಜಕ್ಕೂ ಸ್ವಾವಲಂಬಿಯೇ? ಜಾಗ ಗೆಳೆಯ ಎಮರ್ಸನ್ ಅವರದು. ಮೊದಲ ಮರ ಕಡಿದ ಕೊಡಲಿ ಎರವಲು. ಊರು ಒಂದೂವರೆ ಮೈಲಿ ದೂರ, ಮನೆಯವರನ್ನು ಆಗಾಗ ನೋಡಿಬರುತ್ತಿದ್ದರು. ಇದನ್ನೆಲ್ಲ ಹೇಳಿ, ಚರ್ಚೆಯಾಗಲಿ. ಗುಲಾಮಗಿರಿಯನ್ನು ಪೋಷಿಸುವ ಸರ್ಕಾರಕ್ಕೆ ತೆರಿಗೆ ಕೊಡಲೊಲ್ಲದೆ 1846ರಲ್ಲಿ ಒಂದು ರಾತ್ರಿ ಜೈಲಿನಲ್ಲಿದ್ದದ್ದನ್ನೂ, ಆ ಕುರಿತ ಪ್ರಬಂಧವನ್ನು ಮುಂದೆ ದಕ್ಷಿಣ ಆಫ್ರಿಕದಲ್ಲಿದ್ದ ಗಾಂಧೀಜಿ ಓದಿ ಮೆಚ್ಚಿದ್ದನ್ನೂ ತಿಳಿಸಿ.

ಒಂದು ಎಚ್ಚರಿಕೆ ಬೇಕೇ ಬೇಕು. ಥೋರೊ ಆ ಬದುಕನ್ನು ತಾವಾಗಿ ಆರಿಸಿಕೊಂಡವರು. ನಿಮ್ಮ ತರಗತಿಯಲ್ಲಿ ಸೋರುವ ಸೂರಿನಡಿಯಿಂದ ಬರುವ ಮಗುವಿಗೆ ಆ ಆಯ್ಕೆ ಇರಲಿಲ್ಲ. ಅದರ ಬಡತನವನ್ನು ಸರಳತೆ ಎಂದು ಹೊಗಳಬೇಡಿ.

ಹಂತ 8: ಪರದೆಯಿಂದಾಚೆ

ಕೊನೆಗೆ ಪ್ರತಿ ಮಗುವೂ ಒಂದು ಕೆಲಸವನ್ನು ತನ್ನ ಕೈಯಾರೆ ಮಾಡಲಿ. ಅಂಗಿಯ ಗುಂಡಿ ಹೊಲಿಯಬಹುದು, ಹಳೆಯ ಪ್ಯಾಂಟಿನಿಂದ ಸಂತೆಚೀಲ ಮಾಡಬಹುದು. ಒಡೆದ ಬಕೆಟ್ಟಿನಲ್ಲಿ ಮೆಂತ್ಯ ಬಿತ್ತಿದರೆ ತಿಂಗಳೊಳಗೆ ಸೊಪ್ಪು ಸಿಗುತ್ತದೆ. ಅದೇ ನಾಲ್ಕು ಅಂಕಣದಲ್ಲಿ ಅದರ ಲೆಕ್ಕವೂ ಇರಲಿ. ಎರಡೂವರೆ ಎಕರೆಯ ಬೆಳೆಯಲ್ಲಿ ಖರ್ಚು ಕಳೆದು ಥೋರೊಗೆ ಉಳಿದದ್ದು 8 ಡಾಲರ್ ಎಪ್ಪತ್ತೊಂದೂವರೆ ಸೆಂಟ್ ಮಾತ್ರ ಎಂದು ಹೇಳಿದರೆ, ಲಾಭ ಕಾಣದ ಮಕ್ಕಳೂ ಕುಗ್ಗುವುದಿಲ್ಲ.

ಈ ಚಟುವಟಿಕೆಗೆ ದಯವಿಟ್ಟು ಅಂಕ ಕೊಡಬೇಡಿ. ಲೆಕ್ಕದ ಪುಸ್ತಕವನ್ನು ಓದಿ, ಸಹಿ ಹಾಕಿ, ಮಕ್ಕಳ ಕೈಗೇ ವಾಪಸ್ ಕೊಡಿ.