ಬೇಲಿ ಬಿಟ್ಟು ಒಳಗೆ ನಡಿ

ಮಗೂ,

ಮೊನ್ನೆ ಆಫೀಸಿನಲ್ಲಿ ಬೈಸಿಕೊಂಡ ಸಂಜೆ, ಸಿಟ್ಟು ಇಳಿಯಲಿ ಅಂತ ನೀನು ರಿಂಗ್ ರೋಡಿನ ಪಕ್ಕ ಒಂದು ಗಂಟೆ ನಡೆದು ಬಂದೆ. ಏಳು ಸಾವಿರ ಹೆಜ್ಜೆಯಾಯಿತು ಅಂತ ಫೋನು ನಿನಗೆ ಶಭಾಷ್‌ಗಿರಿ ಕೊಟ್ಟಿತು. ನೀನು ಚಪ್ಪಲಿ ಬಿಟ್ಟ ರಭಸ ನೋಡಿದ ನನಗೆ ಮಾತ್ರ, ಸಿಟ್ಟೂ ನಿನ್ನ ಜೊತೆಗೇ ವಾಕಿಂಗ್ ಮುಗಿಸಿ ಬಂದಿದೆ ಅನ್ನಿಸಿತು.

ನಡೆದದ್ದು ಸರಿ, ನಡೆದ ಜಾಗ ಸರಿಯಿಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 38 ಜನರನ್ನು ಎರಡು ಗುಂಪು ಮಾಡಿ 90 ನಿಮಿಷ ನಡೆಸಿದ ಪ್ರಯೋಗವೊಂದು 2015ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಓಕ್ ಮರಗಳ ಹುಲ್ಲುಗಾವಲು, ಇನ್ನೊಂದಕ್ಕೆ ಕಾರು ತುಂಬಿದ ದೊಡ್ಡ ರಸ್ತೆ. ಹಸು ಮೆಲುಕು ಹಾಕಿದರೆ ಮೇವು ಅರಗುತ್ತದೆ. ಮನಸ್ಸು ಅವಮಾನವನ್ನು ಮೆಲುಕು ಹಾಕಿದಷ್ಟೂ ಅದು ಅರಗುವುದೇ ಇಲ್ಲ. ಆ ಮೆಲುಕು ಹುಲ್ಲುಗಾವಲಿನವರಲ್ಲಿ ತಗ್ಗಿತ್ತು, ರಸ್ತೆಯವರಲ್ಲಿ ತಗ್ಗಿರಲಿಲ್ಲ.

ಇದು ಹಸಿರಿನ ಗುಣವೋ, ಸದ್ದಿಲ್ಲದ್ದರ ಗುಣವೋ? ಸ್ಟಾಕ್‌ಹೋಮಿನಲ್ಲಿ 2010ರ ಹೊತ್ತಿಗೆ 40 ಜನರಿಗೆ ಬಾಯಿಲೆಕ್ಕ ಕೊಟ್ಟು ತಲೆ ಕೆಡಿಸಿ, ಆಮೇಲೆ ಒಂದೆಲೆಯನ್ನೂ ತೋರಿಸದೆ ಬರೀ ಸದ್ದು ಕೇಳಿಸಿದರು. ಕಾರಂಜಿ, ಹಕ್ಕಿದನಿ ಕೇಳುವಾಗ ಚರ್ಮದ ಬೆವರು ಬೇಗ ಹತೋಟಿಗೆ ಬಂತು. ವಾಹನಗಳ ಜೋರು ಗದ್ದಲದಲ್ಲಿ ತಡವಾಯಿತು. ಹೃದಯದ ಅಳತೆಯಲ್ಲಿ ಅಂಥ ವ್ಯತ್ಯಾಸ ಸಿಗಲಿಲ್ಲ. ಹಾಗಾಗಿ ಹಕ್ಕಿದನಿಯೇ ರಾಮಬಾಣ ಅಂತ ಹೇಳಲಾರೆ. ಆದರೆ ಕಿವಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ವಾಕಿಂಗ್ ದಾರಿ ಆರಿಸುವುದು ದಡ್ಡತನ.

‘ಗದ್ದಲ ಅಭ್ಯಾಸವಾಗಿದೆ ಅಜ್ಜ’ ಅನ್ನುತ್ತೀಯ. ಬಸ್ ರೂಟಿನ ಮನೆಯಲ್ಲಿ ಮೂವತ್ತು ವರ್ಷ ಇದ್ದವನು ನಾನು, ನಾನೂ ಹಾಗೇ ಅನ್ನುತ್ತಿದ್ದೆ. ಅಭ್ಯಾಸವಾಗುವುದು ಮನಸ್ಸಿಗೆ. ನಿದ್ದೆಯಲ್ಲಿ ಎಚ್ಚರವಾಗದಿದ್ದರೂ ಲಾರಿ ಹಾದುಹೋದಾಗ ಎದೆಬಡಿತ ಏರುತ್ತದೆ, ವರ್ಷಗಳಾದರೂ ಅದು ಪೂರ್ತಿ ನಿಲ್ಲುವುದಿಲ್ಲ.

ಇನ್ನೊಂದು ಭ್ರಮೆ ಬಿಡು. ಫುಟ್‌ಪಾತಿನ ಒಂದು ಸಾಲು ಮರ ನೆರಳು ಕೊಡುತ್ತದೆ, ಸದ್ದನ್ನು ಅಷ್ಟಾಗಿ ತಡೆಯುವುದಿಲ್ಲ. ತಡೆಯುವುದು ದೂರ, ಇಲ್ಲವೇ ನಡುವಿನ ಗೋಡೆ. ಬಯಲಿನಲ್ಲಿ ರಸ್ತೆಯಿಂದ ದೂರ ದುಪ್ಪಟ್ಟಾದಾಗಲೆಲ್ಲ ಸುಮಾರು 3 ಡೆಸಿಬಲ್ ಇಳಿಯುತ್ತದೆ. ಲಾಲ್‌ಬಾಗ್ 240 ಎಕರೆ ಇರುವಾಗ ಹೆಜ್ಜೆ ಲೆಕ್ಕಕ್ಕೆ ಬೇಲಿಯ ಪಕ್ಕದಲ್ಲೇ ಯಾಕೆ ಸುತ್ತುತ್ತೀಯ? ಒಳಗೆ, ಕೆರೆಯ ಕಡೆ ಹೋಗು. ಹಾರ್ನಿಗಿಂತ ಗಿಳಿಗಳ ಗಲಾಟೆ ಜೋರಾಗಿ ಕೇಳುವಲ್ಲಿ ನಿಧಾನ ಮಾಡು. ಹೆಜ್ಜೆ ಎರಡು ಸಾವಿರ ಕಡಿಮೆಯಾದರೆ ಆಗಲಿ. ಅಷ್ಟು ದೂರ ಹೋಗಲಾಗದ ದಿನ ಮೇನ್ ರೋಡ್ ಬಿಟ್ಟು ಹಿಂದಿನ ಕ್ರಾಸುಗಳಲ್ಲಿ ತಿರುಗು. ನಡುವಿನ ಮನೆಗಳ ಸಾಲೇ ಅರ್ಧ ಗದ್ದಲ ನುಂಗುತ್ತದೆ.

ಇಷ್ಟು ಓದಿ, ಇಯರ್‌ಫೋನಿನಲ್ಲಿ ಹಕ್ಕಿದನಿ ಹಾಕಿಕೊಂಡು ರಿಂಗ್ ರೋಡಿನಲ್ಲೇ ನಡೆಯುತ್ತೇನೆ ಅಂತ ಮಾತ್ರ ಹೊರಡಬೇಡ ಮಾರಾಯ. ಅಲ್ಲಿ ಹಿಂದಿನಿಂದ ಬರುವ ಬಸ್ಸಿನ ಹಾರ್ನ್ ನಿನಗೆ ಕೇಳಿಸಲೇಬೇಕು.