ಕೊಟ್ಟಿಗೆಯ ಗಬ್ಬದ ಹಸುವಿಗಿರುವ ಕಾಳಜಿ ಮನೆಯ ಬಸುರಿಗೂ ಇರಲಿ



ಹಸುವಿಗೆ ಕೃತಕ ಗರ್ಭಧಾರಣೆ ಮಾಡಿಸಿದ ದಿನವನ್ನು ನೀವು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳುತ್ತೀರಿ. ಮೂರು ತಿಂಗಳಿಗೆ ಗಬ್ಬದ ಪರೀಕ್ಷೆ, ಏಳು ತಿಂಗಳು ತುಂಬಿದಾಗ ಹಾಲು ಬತ್ತಿಸುವುದು, ಹೆಚ್ಚಿನ ಹಿಂಡಿ, ಯಾವುದನ್ನೂ ಮರೆಯುವುದಿಲ್ಲ. ಆದರೆ ಅದೇ ಹಸುವಿನ ಹಾಲು ಕರೆಯುವ ಸೊಸೆ ಬಸುರಿಯಾದರೆ, ಐದನೇ ತಿಂಗಳಾದರೂ ಅವಳ ಹೆಸರು ನೋಂದಣಿಯಾಗದ ಮನೆಗಳಿವೆ. ನಿಟ್ಟುವಳ್ಳಿ ಈಗ ದಾವಣಗೆರೆ ನಗರಕ್ಕೆ ಸೇರಿದೆ, ಅಲ್ಲಿಯವರಿಗೆ ಆಸ್ಪತ್ರೆ ಹತ್ತಿರ. ದೂರದ ಹಳ್ಳಿಗಳಲ್ಲಿ ಮಾತ್ರ ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರೇ ಮನೆಗೂ ಆಸ್ಪತ್ರೆಗೂ ಸೇತುವೆ.

ಆಶಾ ಯೋಜನೆ 2005ರಲ್ಲಿ ಆರಂಭವಾಯಿತು. ಹಳ್ಳಿಗಳಲ್ಲಿ ಸುಮಾರು 1000 ಜನಸಂಖ್ಯೆಗೆ ಒಬ್ಬರು ಕಾರ್ಯಕರ್ತೆ. ಅವರು ಅದೇ ಊರಿನವರಾದ್ದರಿಂದ ಅತ್ತೆ-ಮಾವಂದಿರಿಗೆ ತಿಳಿಹೇಳಿ ಒಪ್ಪಿಸಬಲ್ಲರು.

ಅವರಿಂದ ಸಿಗುವ ನೆರವು:

1. 12 ವಾರದೊಳಗೆ ಹೆಸರು ನೋಂದಾಯಿಸಿ ತಾಯಿ ಕಾರ್ಡ್ ಕೊಡಿಸುವುದು.

2. ಕನಿಷ್ಠ 4 ಬಾರಿ ತೂಕ, ರಕ್ತದೊತ್ತಡ, ರಕ್ತ, ಮೂತ್ರ ಪರೀಕ್ಷೆ ಮಾಡಿಸುವುದು. 2016ರಲ್ಲಿ ಆರಂಭವಾದ ಸುರಕ್ಷಿತ ಮಾತೃತ್ವ ಅಭಿಯಾನದಲ್ಲಿ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ವೈದ್ಯರ ಉಚಿತ ತಪಾಸಣೆ ಇದೆ.

3. ನಾಲ್ಕನೇ ತಿಂಗಳಿನಿಂದ ದಿನಕ್ಕೊಂದರಂತೆ 180 ಕಬ್ಬಿಣಾಂಶದ ಮಾತ್ರೆ ತಲುಪಿಸುವುದು. ಬಸುರಿಯ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ಈ ಮಾತ್ರೆಯನ್ನು ಹಾಲು, ಚಹಾದ ಜೊತೆ ನುಂಗಬಾರದು. ಕಬ್ಬಿಣಾಂಶ ಮೈಗೆ ಹತ್ತುವುದಿಲ್ಲ. ಹಾಲನ್ನು ಬೇರೆ ಹೊತ್ತಿನಲ್ಲಿ ಕುಡಿಯಲಿ.

4. ರಕ್ತಸ್ರಾವ, ವಿಪರೀತ ತಲೆನೋವು, ಮುಖ ಊದುವುದು, ಮಗುವಿನ ಚಲನೆ ಕಡಿಮೆಯಾಗುವುದು ಕಂಡರೆ 108 ವಾಹನ ಕರೆಸಿ ಆಸ್ಪತ್ರೆಗೆ ಸೇರಿಸುವುದು.

ಹೈನುಗಾರರ ಮನೆಗೆ ಇನ್ನೊಂದು ಎಚ್ಚರಿಕೆ ಬೇಕು. ಹಸು ಕಂದು ಹಾಕಿದೆ ಎಂದು ಕರೆ ಬಂದು ನಾನು ಹೋದಾಗ, ಎಷ್ಟೋ ಕಡೆ ಮಾಸನ್ನು ಬರಿಗೈಯಲ್ಲಿ ಎತ್ತುತ್ತಿದ್ದವರು ಹೆಂಗಸರೇ. ಕಂದು ರೋಗ, ಅಂದರೆ ಬ್ರುಸೆಲ್ಲೋಸಿಸ್, ಮನುಷ್ಯರಿಗೂ ಅಂಟುತ್ತದೆ. ಬಸುರಿಗೆ ತಗುಲಿದರೆ ಗರ್ಭಪಾತವೂ ಆಗಬಹುದು. ಆದ್ದರಿಂದ ಬಸುರಿಯರು ಕಂದು ಹಾಕಿದ ಹಸುವಿನ ಹತ್ತಿರ ಹೋಗಬಾರದು. ಕೈಚೀಲ ತೊಟ್ಟ ಬೇರೆಯವರು ಮಾಸನ್ನು ಸುಣ್ಣ ಹಾಕಿ ಆಳವಾಗಿ ಹೂಳಲಿ. ಹಾಲನ್ನು ಕಾಯಿಸಿಯೇ ಕುಡಿಯಿರಿ. 4ರಿಂದ 8 ತಿಂಗಳ ಹೆಣ್ಣುಗರುಗಳಿಗೆ ಪಶುವೈದ್ಯರಿಂದ ಲಸಿಕೆ ಹಾಕಿಸಿ. ಬಸುರಿಗೆ ಬಿಟ್ಟುಬಿಟ್ಟು ಜ್ವರ ಬಂದರೆ, ಕೊಟ್ಟಿಗೆಯಲ್ಲಿ ಹಸು ಕಂದು ಹಾಕಿದ್ದನ್ನೂ ವೈದ್ಯರಿಗೆ ಹೇಳಿ. ನೀವು ಹೇಳದಿದ್ದರೆ ಅವರಿಗೆ ತಿಳಿಯುವುದು ಹೇಗೆ?

ಸದಸ್ಯರೇ, ಕ್ಯಾಲೆಂಡರಿನಲ್ಲಿ ಹಸುವಿನ ದಿನಾಂಕದ ಪಕ್ಕದಲ್ಲೇ ಸೊಸೆಯ ತಪಾಸಣೆಯ ದಿನವನ್ನೂ ಬರೆದಿಡಿ. ಮುಟ್ಟು ನಿಂತ ತಿಂಗಳೇ ನಿಮ್ಮೂರಿನ ಆಶಾ ಕಾರ್ಯಕರ್ತೆಗೆ ತಿಳಿಸಿ.